ಹೊಂಗೆಯ ಮೂರನೆಯ ಎಲೆ

ಬಳಿಗಾರ ಓಣಿ, ಗದಗ
ಫೆಬ್ರವರಿ ೩೧, ೨೨೧೭

ಏಳನೇ ನಂಬರಿನ ಮನೆಯ ಕಸ್ತೂರಿ ಆಯಿಯವರಿಗೆ, ಅದೇ ಏಳನೇ ನಂಬರಿನ ಮನೆಯಿಂದ ಫಕೀರಪ್ಪ ಹಾದಿಮನಿ ಬರೆಯುವುದು.

ಮೊದಲು ತಾರೀಖಿನ ವಿಷಯ. ಫೆಬ್ರವರಿಯಲ್ಲಿ ಮೂವತ್ತೊಂದನೆಯ ದಿನವಿಲ್ಲವೆಂದು ನೀವು ಈ ಕಾಗದವನ್ನು ಮಡಚಿ ಹೊಲಿಗೆ ಮಷೀನಿನ ಅಲುಗಾಡುವ ಕಾಲಿಗೆ ಒತ್ತು ಕೊಡುವ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇದೆ. ಮೇ ತಿಂಗಳ ಕೊನೆಯ ದಿನಗಳನ್ನು ಕಳೆಯುವುದು ಯಾರಿಂದಲೂ ಆಗದೆ ಹೋದಾಗ ಅವುಗಳಲ್ಲಿ ಮೂರನ್ನು ಕಿತ್ತು ಫೆಬ್ರವರಿಗೆ ಜೋಡಿಸಿದರು. ದಿನಗಳು ಬಂದವು. ಜೊತೆಗೆ ತಮ್ಮ ಬಿಸಿಲನ್ನೂ ತಂದವು. ಈಗ ನಮಗೆ ವರ್ಷದಲ್ಲಿ ಎರಡು ಸಲ ಮೇ ತಿಂಗಳು. ಇದನ್ನು ಸರಿಪಡಿಸಲು ಒಂದು ಸಮಿತಿ ಇದೆ. ಅದು ಮಳೆಗಾಲದಲ್ಲಿ ಮಾತ್ರ ಸೇರುತ್ತದೆ.

ಎರಡನೆಯದು, ನಿಮ್ಮನ್ನು ಹೇಗೆ ಕರೆಯಬೇಕೆಂಬುದು. ನೀವು ನನ್ನ ಮುತ್ತಜ್ಜನ ಮುತ್ತಜ್ಜಿ. ಆದ್ದರಿಂದ ಆಯಿ ಎಂದಿದ್ದೇನೆ. ಆದರೆ ಈ ಕಾಗದ ಕೈಸೇರುವ ದಿನ ನಿಮಗೆ ಮೂವತ್ತೊಂದು ವರ್ಷ, ನನಗೆ ನಲವತ್ತೊಂಬತ್ತು. ಎದುರಾಗಿದ್ದರೆ ನೀವೇ ನನ್ನನ್ನು ಕಾಕಾ ಎಂದು ಕರೆದು ದಾರಿ ಬಿಡುತ್ತಿದ್ದಿರಿ. ನನ್ನ ಮಾತಿನಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ಶಬ್ದಗಳು ಬಳಸಿದವರ ಜೊತೆ ಹೋಗಿಬಿಡುತ್ತವೆ, ಉಳಿದವರು ಹೊಸದನ್ನು ಮಾಡಿಕೊಳ್ಳಬೇಕಾಗುತ್ತದೆ. ಊರಿನ ಹೆಸರು ಮಾತ್ರ ಬದಲಾಗಿಲ್ಲ. ಮಿರ್ಚಿ ಭಜಿಯೂ ಇದೆ, ಖಾರ ಮೊದಲಿನಷ್ಟಿಲ್ಲವೆಂದು ಎಲ್ಲರೂ ಹೇಳುತ್ತಾರೆ. ನಿಮ್ಮ ಕಾಲದಲ್ಲೂ ಹಾಗೇ ಹೇಳುತ್ತಿದ್ದರೆಂದು ಓದಿದ್ದೇನೆ.

ಈ ಕಾಗದ ನಿಮಗೆ ಒಂದು ಸೋಮವಾರ ಬೆಳಿಗ್ಗೆ, ಹೊಲಿಯಲು ಬಂದ ರವಿಕೆ ಬಟ್ಟೆಯ ಮಡಿಕೆಯಲ್ಲಿ ಸಿಗುತ್ತದೆ. ಅದನ್ನು ತಲುಪಿಸುವುದು ಹಿಂದಂಚೆ, ಅಂದರೆ ಹಿಂದಕ್ಕೆ ಹೋಗುವ ಅಂಚೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಪತ್ರ. ಯಾರು ಗೆದ್ದರು, ಯಾರು ಯಾವಾಗ ಸತ್ತರು, ಮಳೆ ಯಾವ ವರ್ಷ ಕೈಕೊಟ್ಟಿತು ಇವನ್ನೆಲ್ಲ ಬರೆಯುವಂತಿಲ್ಲ. ಆ ಮೂರನ್ನು ಬಿಟ್ಟರೆ ಜನರಿಗೆ ಬರೆಯಲು ಹೆಚ್ಚೇನೂ ಉಳಿಯುವುದಿಲ್ಲವೆಂಬುದು ನಿಧಾನವಾಗಿ ಗೊತ್ತಾಯಿತು. ನಮ್ಮ ಎದುರು ಮನೆಯ ಇಮಾಮಸಾಬ ತನ್ನ ಪಾಲಿನ ಪತ್ರವನ್ನು ಹಿರಿಯನೊಬ್ಬನಿಗೆ, "ಹೆಣ್ಣು ನೋಡುವಾಗ ದಯವಿಟ್ಟು ಮೂಗನ್ನೂ ನೋಡಿರಿ" ಎಂದು ಬರೆದು ಮುಗಿಸಿದ. ಮೂಗು ಹಾಗೇ ಇದೆ. ಹಿರಿಯ ನೋಡಿಯೇ ಒಪ್ಪಿಕೊಂಡಿರಬೇಕು.

ನನ್ನ ಪತ್ರವನ್ನು ನಾನು ನಲವತ್ತೊಂಬತ್ತರವರೆಗೆ ಹಾಗೇ ಇಟ್ಟುಕೊಂಡಿದ್ದೆ. ಹೇಳಬೇಕಾದ್ದು ಇದೆ ಎನ್ನಿಸುತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಕೊನೆಗೆ ಹಿಂದಂಚೆಯ ಕಿಟಕಿಯ ಮುಂದೆ ನಿಂತಾಗ ಅಲ್ಲಿನ ಗುಮಾಸ್ತೆ ಗುರುಸಿದ್ಧವ್ವ ತಲೆಯೆತ್ತದೆ ಕೇಳಿದಳು.

"ಯಾರಿಗ್ರಿ?"

"ಆಯಿಗೆ. ಭಾಳ ಹಿಂದಿನ ಆಯಿ."

"ವಿಷಯ?"

"ಎಲಿ ತಿನ್ನೋ ದುಂಬಿ."

ಗುರುಸಿದ್ಧವ್ವ ಈಗ ತಲೆಯೆತ್ತಿದಳು. "ಹುಟ್ಟಿದಾಗಿಂದ ಸಾಯೂತನಕ ಒಂದ ಪತ್ರ ಅದ್ರಿ ನಿಮಗ. ಅದನ್ನ ಹುಳದ ಮ್ಯಾಲ ಬರೀತೀರೇನು? ಮನ್ಯಾಗ ಕೇಳಿ ಬಂದೀರಿಲ್ಲೋ?"

ಕೇಳಿ ಬಂದಿದ್ದೆ. ಮನೆಯಲ್ಲಿ ನನ್ನ ಹೆಂಡತಿ ನೀಲಗಂಗಾ ಹೇಳಿದ್ದು ಇಷ್ಟು: "ತಪ್ಪು ಮಾಡಿದಾವರು ನೀವು. ನೀವ ಬರೀರಿ."

ತಪ್ಪು ಏನೆಂದು ಹೇಳುವ ಮೊದಲು ಮರದ ವಿಷಯ ಹೇಳಬೇಕು. ನಿಮ್ಮ ಮನೆಯ ಮುಂದೆ ಎರಡು ವರ್ಷದ ಹಿಂದೆ ಯಾರೋ ನೆಟ್ಟುಹೋದ ಹೊಂಗೆಯ ಗಿಡವಿದೆಯಲ್ಲ, ಈಗ ನಿಮ್ಮ ಭುಜದಷ್ಟು ಎತ್ತರ, ಎಲೆಯೆಲ್ಲ ತೂತಾಗಿ ಹಿಟ್ಟಿನ ಜರಡಿಯ ಹಾಗೆ ಕಾಣುತ್ತಿರುವುದು, ಬರುವ ವಾರ ಕಿತ್ತು ಆ ಜಾಗದಲ್ಲಿ ಮಷೀನಿಗೆ ತಗಡಿನ ಮಾಡು ಹಾಕಿಸಬೇಕೆಂದು, ನಮ್ಮ ಮನೆಯಲ್ಲಿ ಈಗಲೂ ಹೇಳುವ ಪ್ರಕಾರ, ನೀವು ಅಂದುಕೊಂಡಿರುವುದು, ಅದು ಈಗ ಬಳಿಗಾರ ಓಣಿಯ ಏಕೈಕ ಮರ. ನಮ್ಮಲ್ಲಿ ಓಣಿಗೊಂದು ಮರ. ಮನೆಗೊಂದು ನೆರಳುಪಾಳಿ. ನೆರಳುಪಾಳಿ ಎಂದರೆ ಮರದ ಕೆಳಗೆ ಕೂರಲು ಒಂದು ಮನೆಗೆ ಸಿಗುವ ಹೊತ್ತು, ದಿನಕ್ಕೆ ಮುಕ್ಕಾಲು ಗಂಟೆ. ಬೆಳಗಿನ ನೆರಳು ಪಡುವಣ ಸಾಲಿನ ಮನೆಗಳದ್ದು, ಸಂಜೆಯ ನೆರಳು ಮೂಡಣ ಸಾಲಿನದ್ದು. ನಡುಮಧ್ಯಾಹ್ನದ ನೆರಳು ಬುಡದಲ್ಲೇ ಇರುತ್ತದೆ, ಅಲ್ಲಿ ಒಬ್ಬರು ಮಾತ್ರ ನಿಲ್ಲಬಹುದು. ಅದನ್ನು ಓಣಿಯಲ್ಲಿ ಆ ದಿನ ಮನೆಯವರ ಜೊತೆ ಜಗಳವಾಡಿದವರಿಗೆ ಬಿಡುವ ಪದ್ಧತಿಯಿದೆ. ಯಾರೂ ಕಾರಣ ಕೇಳುವುದಿಲ್ಲ. ನಮ್ಮ ಪಾಳಿ ಸಂಜೆ ನಾಲ್ಕರಿಂದ ನಾಲ್ಕೂಮುಕ್ಕಾಲು. ನಾನೂ ನೀಲಗಂಗಾಳೂ ದಿನದಲ್ಲಿ ಸರಿಯಾಗಿ ಮಾತನಾಡುವುದು ಆ ಹೊತ್ತಿನಲ್ಲೇ. ಉಳಿದ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಸುದ್ದಿ ತಿಳಿಸುತ್ತೇವೆ, ಅಷ್ಟೆ.

ಮರಕ್ಕೆ ಕಾಯಿಲೆಯಾದರೆ ನೆರಳಿನ ಕಚೇರಿಯವರು ಅದನ್ನು ತೆಗೆದು ನೆರಳುಗಂಬ ನೆಡುತ್ತಾರೆ. ಕಬ್ಬಿಣದ ಕಂಬ, ಮೇಲೆ ಚೌಕದ ತಟ್ಟೆ. ಅದರ ನೆರಳು ಸರಿಯಾದ ಅಳತೆಯದು, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುತ್ತದೆ, ಅದರ ಮೇಲೆ ದೂರು ಹೇಳಲು ಏನೂ ಇಲ್ಲ. ಪಕ್ಕದ ಓಣಿಯಲ್ಲಿ ಒಂದಿದೆ. ಒಳಗಿನಿಂದ ಸಣ್ಣಗೆ ಗುಂಯ್ ಎನ್ನುತ್ತದೆ. ಅದರ ಕೆಳಗೆ ಕೂತವರು ಆ ಸದ್ದು ಕೇಳುತ್ತ ಎದುರಿಗೆ ನೋಡುತ್ತಿರುತ್ತಾರೆ. ಒಂದು ಸಲ ನಾವಿಬ್ಬರೂ ಪರೀಕ್ಷೆಗೆಂದು ಹೋಗಿ ಕೂತೆವು. ಇಪ್ಪತ್ತು ನಿಮಿಷದ ಮೇಲೆ ನೀಲಗಂಗಾ, "ಎದ್ದೇಳ್ರಿ, ದವಾಖಾನ್ಯಾಗ ಕುಂತಂಗ ಅನ್ನಸಾಕತ್ತೇತಿ" ಎಂದಳು. ನಮ್ಮ ಮರ ಹೋದರೆ ನಮಗೂ ಅದೇ ಗತಿ. ನಾನು ದೊಡ್ಡ ಮಾತು ಆಡುವವನಲ್ಲ. ಆದರೆ ಮದುವೆಯಾಗಿ ಇಪ್ಪತ್ತೆರಡು ವರ್ಷದ ಮೇಲೆ ದಿನಕ್ಕೆ ಮುಕ್ಕಾಲು ಗಂಟೆ ಕಡಿಮೆಯಾದರೆ ಉಳಿಯುವುದು ಏನೆಂದು ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಈಗ ದುಂಬಿ. ನಿಮಗೆ ಅದರ ಪರಿಚಯವಿದೆ, ಆದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ತೊಗರಿ ಬೇಳೆಯಷ್ಟು ಗಾತ್ರ, ಬೆಳಗಿದ ತಾಮ್ರದ ಬಣ್ಣ. ಮರಿಗಳು ಎಲೆಯ ಹಿಂಬದಿ ಕೂತು ಹಸಿರನ್ನಷ್ಟೇ ಕೆರೆದು ತಿಂದು ನರಗಳನ್ನು ಬಿಡುತ್ತವೆ. ದೊಡ್ಡವಕ್ಕೆ ಅಷ್ಟು ತಾಳ್ಮೆಯಿಲ್ಲ, ನಡುವೆ ತೂತು ಕೊರೆದು ಮುಂದಿನ ಎಲೆಗೆ ಹೋಗುತ್ತವೆ. ಕೈ ಚಾಚಿದರೆ ಕಾಲು ಮಡಚಿ ಸತ್ತಂತೆ ಕೆಳಗೆ ಬೀಳುತ್ತವೆ. ನೀವು ಅತ್ತ ತಿರುಗಿದ ಮೇಲೆ ಎದ್ದು ಮರ ಹತ್ತುತ್ತವೆ. ಇನ್ನೂರು ವರ್ಷದಲ್ಲಿ ಮನುಷ್ಯ ಎಷ್ಟೋ ಉಪಾಯ ಬದಲಿಸಿದ್ದಾನೆ. ದುಂಬಿ ಈ ಒಂದನ್ನೇ ಇಟ್ಟುಕೊಂಡಿದೆ, ಅದು ಇನ್ನೂ ಕೆಲಸ ಮಾಡುತ್ತಿದೆ. ಹೋದ ತಿಂಗಳು ಅವು ಬಂದವು. ಹದಿನೈದು ದಿನದಲ್ಲಿ ಅರ್ಧ ಮರ ತೂತಾಯಿತು. ಕಚೇರಿಯವರು ಮಾಡುವ ಮರದ ವಾರ್ಷಿಕ ಪರೀಕ್ಷೆಗೆ ಇನ್ನು ಒಂಬತ್ತು ದಿನವಿತ್ತು. ಅರ್ಧಕ್ಕಿಂತ ಹೆಚ್ಚು ಎಲೆ ತೂತಾಗಿದ್ದರೆ ಮರಕ್ಕೆ ನಿವೃತ್ತಿ ಎಂದು ನಿಯಮ. ನಿವೃತ್ತಿ ಎಂದರೆ ಗರಗಸ.

ಇಲ್ಲಿ ನನ್ನ ತಪ್ಪು ಆರಂಭವಾಗುತ್ತದೆ. ನನ್ನ ಉದ್ಯೋಗ ಊರಿನ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ರಿಪೇರಿ. ಹುಳು ತಿಂದ ಹಾಳೆಯ ತೂತಿಗೆ ತೆಳು ಕಾಗದದ ತೇಪೆ ಇಟ್ಟು, ಗೋದಿ ಹಿಟ್ಟಿನ ಗಂಜಿಯಿಂದ ಅಂಟಿಸಿ, ಬಣ್ಣ ಹೊಂದಿಸಿ, ತೂತು ಎಲ್ಲಿತ್ತೆಂದು ಯಾರಿಗೂ ತಿಳಿಯದಂತೆ ಮಾಡುವುದು. ಮೂವತ್ತು ವರ್ಷ ಇದನ್ನೇ ಮಾಡಿದ ಮೇಲೆ ಮನುಷ್ಯನಿಗೆ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳು ಕಾಣುತ್ತವೆ: ತೂತಾದದ್ದು, ತೂತಾಗಲಿರುವುದು. ಓಣಿಯ ಜನ ಮರದ ಕೆಳಗೆ ಸೇರಿ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ನಾನು ಒಂದು ಎಲೆ ಕಿತ್ತು ಮನೆಗೆ ತಂದೆ. ಅರ್ಧ ಗಂಟೆಯಲ್ಲಿ ಅದರ ಹನ್ನೊಂದು ತೂತುಗಳನ್ನು ಮುಚ್ಚಿ, ಹಸಿರು ಬಳಿದು, ವಾಪಸು ತಂದು ತೋರಿಸಿದೆ. ಇಮಾಮಸಾಬ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಫಕೀರಣ್ಣಾ, ಗಿಡಕ್ಕ ಮೊದಲು ಹಿಂತಾ ಎಲಿ ಇದ್ದಿಲ್ಲ ಬಿಡು" ಎಂದ. ಅವನ ಆ ಒಂದು ಮಾತು ಸಾಕಾಯಿತು. ಒಂಬತ್ತು ದಿನ ಬಳಿಗಾರ ಓಣಿ ಕೆಲಸ ಬಿಟ್ಟು ಎಲೆಗೆ ತೇಪೆ ಹಾಕಿತು. ಏಣಿಗಳು, ಗಂಜಿಯ ಪಾತ್ರೆಗಳು, ಕುಂಚಗಳು. ಪಡುವಣ ಸಾಲಿನವರು ಕೆಳಗಿನ ಕೊಂಬೆ, ಮೂಡಣ ಸಾಲಿನವರು ಮೇಲಿನದು. ಯಾರ ತೇಪೆ ನಯ ಎಂದು ಎರಡೂ ಸಾಲಿನ ನಡುವೆ ಪಂತ. ಐದನೆಯ ದಿನ ತೆಳು ಕಾಗದ ಮುಗಿಯಿತು. ರದ್ದಿ ಪತ್ರಿಕೆಗಳಿಗೆ ಹಸಿರು ಬಳಿದು ಮುಂದುವರಿಸಿದೆವು. ನನಗೆ ಮನಸ್ಸಿರಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಅಷ್ಟು ಜನ ನನ್ನ ಕಸುಬನ್ನು ಒಟ್ಟಿಗೆ ಮಾಡುವುದನ್ನು ನಾನು ಮೊದಲು ನೋಡಿರಲಿಲ್ಲ.

ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ಒಂದೇ. ನಾವು ಹಗಲೆಲ್ಲ ತೇಪೆ ಹಾಕುತ್ತಿದ್ದಾಗ ದುಂಬಿಗಳೂ ಕೆಲಸ ನಿಲ್ಲಿಸಿರಲಿಲ್ಲ. ಅವಕ್ಕೆ ಕಾಗದ ಸೇರುತ್ತಿರಲಿಲ್ಲ. ತೇಪೆಯನ್ನು ಬಿಟ್ಟು ಸುತ್ತಲಿನ ಎಲೆಯನ್ನು ನೀಟಾಗಿ ತಿಂದವು. ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಮರದ ಮೇಲೆ ಬಹುಮಟ್ಟಿಗೆ ನರಗಳೂ ನಮ್ಮ ತೇಪೆಗಳೂ ಮಾತ್ರ ಉಳಿದಿದ್ದವು. ದೂರದಿಂದ ಚೆನ್ನಾಗಿಯೇ ಕಾಣುತ್ತಿತ್ತು. ಎಲೆ ಪರೀಕ್ಷಕ ಜಂಬಣ್ಣ ದೂರದಿಂದ ನೋಡುವ ಜಾತಿಯವನಲ್ಲ. ಕೈ ಚಾಚಿ ಒಂದನ್ನು ಕಿತ್ತು ಕನ್ನಡಕದ ಹತ್ತಿರ ಹಿಡಿದ.

"ಏನ್ರಿ ಇದು?"

"ಎಲಿರಿ ಸಾಹೇಬ್ರ," ಎಂದ ಇಮಾಮಸಾಬ.

"ಎಲಿ ಮ್ಯಾಲ 'ಗ್ರಾಹಕರ ಗಮನಕ್ಕೆ' ಅಂತ ಬರದೈತೆಲ್ಲೋ?"

ನೀಲಗಂಗಾ ಮುಂದೆ ಬಂದು, "ಅದು ಹುಟ್ಟಾ ಬಂದ ಮಚ್ಚೀರಿ" ಎಂದಳು. ಅವಳು ಹಾಗೆ ಹೇಳಿದ್ದು ನನ್ನನ್ನು ಉಳಿಸಲು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನಗಾಗಿ ಎಲ್ಲರೆದುರು ಹೇಳಿದ ಮೊದಲ ಸುಳ್ಳು ಅದು. ಅದು ನಡೆಯಲಿಲ್ಲವೆಂಬುದು ಬೇರೆ ಮಾತು.

ನಮ್ಮ ಕಾನೂನಿನಲ್ಲಿ ಮರವೂ ಓಣಿಯ ಒಬ್ಬ ನಿವಾಸಿ. ಆದ್ದರಿಂದ ದೂರು ನಮ್ಮ ಮೇಲೆ ಬರಲಿಲ್ಲ. "ಬಳಿಗಾರ ಓಣಿಯ ಹೊಂಗೆಯು ಪರೀಕ್ಷಕರಿಗೆ ಸುಳ್ಳು ಎಲೆ ತೋರಿಸಿದೆ" ಎಂದು ಮರದ ಮೇಲೆಯೇ ಬಂತು. ನೋಟೀಸನ್ನು ಅದರ ಕಾಂಡಕ್ಕೆ ಅಂಟಿಸಿ ಹೋದರು. ಅಂಟಿಸಿದ ರೀತಿ ಬಹಳ ಕಳಪೆಯಾಗಿತ್ತು. ವಿಚಾರಣೆ ನಾಡಿದ್ದು. ಮರವನ್ನು ಉಳಿಸಲು ಒಂದೇ ದಾರಿಯೆಂದು ಜಂಬಣ್ಣನೇ ಹೇಳಿದ. ಅವನು ಕೆಟ್ಟವನಲ್ಲ, ನಿಯಮ ಪೂರ್ತಿ ಓದಿಕೊಂಡವನು. "ಇದು ಸಾಯೂ ರೋಗ ಅಲ್ಲ, ಈ ಗಿಡ ಹಿಂದೂ ಹಿಂಗ ಆಗಿ ಚಿಗುರೈತಿ ಅಂತ ತೋರಸ್ರಿ. ಅದ ಗಿಡದ್ದ ಎರಡು ಎಲಿ ಬೇಕು. ಒಂದು ಹುಳ ತಿಂದದ್ದು, ಒಂದು ಆಮ್ಯಾಲ ಚಿಗುರಿದ್ದು. ತಾರೀಖ ಇರಬೇಕು. ಮತ್ತ ಕೇಳ್ರಿಲ್ಲೆ, ಮನಷ್ಯಾನ ಕೈ ಆಡಿದ್ದ ಎಲಿ ತರಬ್ಯಾಡ್ರಿ. ನಿಮ್ಮ ಓಣಿ ಮ್ಯಾಲ ನನಗ ಇನ್ನ ನಂಬಿಗಿಲ್ಲ."

ಆದ್ದರಿಂದ, ಆಯಿ, ನನ್ನ ಕೋರಿಕೆ. ಗಿಡವನ್ನು ಕೀಳಬೇಡಿರಿ. ಇವತ್ತೇ ಅದರ ಒಂದು ತೂತಾದ ಎಲೆಯನ್ನು ಕಿತ್ತು, ಒಂದು ತಗಡಿನ ಡಬ್ಬಿಯಲ್ಲಿ ಹಾಕಿ, ತಾರೀಖು ಬರೆದು, ಹೊಸ್ತಿಲ ಮುಂದಿನ ಹಾಸುಗಲ್ಲಿನ ಕೆಳಗೆ ಇಡಿರಿ. ಆ ಕಲ್ಲು ಇನ್ನೂ ಅಲ್ಲೇ ಇದೆ. ತಿಂಗಳೊಪ್ಪತ್ತಿನಲ್ಲಿ ಗಿಡ ಮತ್ತೆ ಚಿಗುರುತ್ತದೆ. ಚಿಗುರು ಬಲಿತ ಮೇಲೆ ಒಂದು ಹೊಸ ಎಲೆಯನ್ನು ಅದೇ ಡಬ್ಬಿಗೆ ಸೇರಿಸಿರಿ. ನಾನು ಬರೆಯಬೇಕೆಂದುಕೊಂಡಿದ್ದ ಪತ್ರ ಇಷ್ಟೇ. ಒಂದು ಪುಟದಲ್ಲಿ ಮುಗಿಯುತ್ತಿತ್ತು. ಆದರೆ ಬರೆಯಲು ಕೂರುವ ಮೊದಲೇ ಇಮಾಮಸಾಬ ಬಂದ.

"ಪತ್ರ ಯಾವಾಗ ಬರೀತಿ?"

"ನಾಳೆ."

"ಆಕಿಗೆ ಯಾವಾಗ ಮುಟ್ಟತೈತಿ?"

"ನೂರಾ ತೊಂಬತ್ತು ವರ್ಷದ ಹಿಂದ."

ಇಮಾಮಸಾಬ ಸ್ವಲ್ಪ ಹೊತ್ತು ಮೂಗು ತುರಿಸಿಕೊಂಡ. "ಅಂದ್ರ ಮುಟ್ಟೇತಿ ಬಿಡು. ತಡಿ, ಹಾರಿ ತರ್ತೀನಿ."

ಬೇಡವೆನ್ನುವಷ್ಟರಲ್ಲಿ ಅವನು ಹಾರೆ ತಂದಿದ್ದ. ನಾಲ್ಕು ಜನ ಸೇರಿ ಕಲ್ಲು ಎತ್ತಿದೆವು. ಕೆಳಗೆ ತುಕ್ಕು ಹಿಡಿದ ಸಣ್ಣ ಡಬ್ಬಿ ಇತ್ತು. ನಾನಿನ್ನೂ ಬರೆಯದ ಪತ್ರಕ್ಕೆ ನೀವು ಮಾಡಿದ ಉಪಕಾರವನ್ನು ಕೈಯಲ್ಲಿ ಹಿಡಿದುಕೊಂಡಾಗ ನನಗೆ ಒಂದು ಥರದ ನಾಚಿಕೆಯಾಯಿತು. ಒಳಗೆ ಹೊಂಗೆಯ ಒಣಗಿದ ಎಲೆ. ಜರಡಿಯ ಹಾಗೆ ತೂತು. ಜೊತೆಗೆ ಬಟ್ಟೆಯ ಮೇಲೆ ಗುರುತು ಹಾಕುವ ನೀಲಿ ಪೆನ್ಸಿಲಿನಲ್ಲಿ ತಾರೀಖು ಹಾಕಿ ಬರೆದ ಚೀಟಿ. ನಿಮ್ಮ ಅಕ್ಷರವನ್ನು ನಾನು ಹೀಗೆ ನೋಡಿದೆ:

"ಗಿಡ ಕೀಳಾಕ ಕೈ ಹಾಕಿದ್ದೆ, ಬಿಟ್ಟೀನಿ. ಕೇಳೀರಂತ ಎಲಿ ಇಟ್ಟೀನಿ. ಡಬ್ಬಿ ನನ್ನ ಸೂಜೀದು, ನೆನಪಿರಲಿ. ಈ ಕಲ್ಲು ಎತ್ತಿ ಸೊಂಟ ಹಿಡದೈತಿ, ಎರಡನೇದಕ್ಕ ಮತ್ತ ಎತ್ತಂಗಿಲ್ಲ. ಅದನ್ನ ಅಳತಿ ಪುಸ್ತಕದಾಗ ಇಡ್ತೀನಿ. ಮೂರನೇದು ಆಮ್ಯಾಲ ನೋಡೂಣು."

ಮೂರನೆಯದು ಏನೆಂದು ನಮಗೆ ತಿಳಿಯಲಿಲ್ಲ. ಕೇಳಬೇಕೆಂದಿದ್ದದ್ದು ಎರಡು. ಸೊಂಟದ ನೋವಿನಲ್ಲಿ ಎಣಿಕೆ ತಪ್ಪಿರಬೇಕೆಂದು ನಾನು ಹೇಳಿದೆ. ನೀಲಗಂಗಾ, "ಆಕಿ ದರ್ಜಿ. ಅಳತಿ ತಪ್ಪಂಗಿಲ್ಲ" ಎಂದಳು.

ಎರಡನೆಯದನ್ನು ಹುಡುಕುವುದು ಕಷ್ಟವಾಗಬಾರದಾಗಿತ್ತು. ನಿಮ್ಮ ಅಳತೆ ಪುಸ್ತಕ ನಮ್ಮ ಗ್ರಂಥಾಲಯದಲ್ಲೇ ಇದೆ. ಒಂದು ಕಾಲದ ಜನರ ಭುಜ, ಎದೆ, ಸೊಂಟಗಳ ದಾಖಲೆಯೆಂದು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಷ್ಟೇ ಅಲ್ಲ, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ರಿಪೇರಿ ಮಾಡಿದ ಮೊದಲ ಪುಸ್ತಕ ಅದು. ದಾರಿಯುದ್ದಕ್ಕೂ ನನಗೆ ಏನೋ ನೆನಪಾಗಲು ಹವಣಿಸುತ್ತಿತ್ತು, ನಾನು ಅದನ್ನು ತಡೆಯುತ್ತಿದ್ದೆ. ಪೆಟ್ಟಿಗೆ ತೆರೆದು ಪುಟ ತಿರುವುತ್ತ ಹೋದೆ. ರವಿಕೆಯ ಅಳತೆಗಳ ನಡುವೆ, ನೀಲಿ ಪೆನ್ಸಿಲಿನಲ್ಲಿ "ಹೊಂಗಿ, ಎರಡನೇ ಚಿಗುರು" ಎಂಬ ಬರಹ, ತಾರೀಖು. ಅದರ ಪಕ್ಕದಲ್ಲಿ ಒಂದು ಎಲೆ. ಅಗಲವಾದದ್ದು, ಕಂದುಬಣ್ಣದ್ದು, ಅಂಚು ಮುಕ್ಕಾಗದ್ದು. ಎಲ್ಲೂ ಒಂದೇ ಒಂದು ತೂತಿಲ್ಲ. ಬಿಸಿಲಿಗೆ ಹಿಡಿದು ನೋಡಿದೆ. ನಡುನರದ ಎಡಕ್ಕೆ, ಸಾಸಿವೆಯಷ್ಟು ಜಾಗದಲ್ಲಿ ಬೆಳಕು ಬೇರೆ ಥರ ಬರುತ್ತಿತ್ತು.

ತೇಪೆ ನನ್ನದೇ. ಹಾಕಿದ ದಿನವೂ ನೆನಪಾಯಿತು. ಪುಸ್ತಕದ ತೂತುಗಳನ್ನೆಲ್ಲ ಮುಚ್ಚಿಯಾದ ಮೇಲೆ ಗಂಜಿ ಸ್ವಲ್ಪ ಉಳಿದಿತ್ತು. ಹಾಳೆಗಳ ನಡುವೆ ಒಂದು ಎಲೆ ಸಿಕ್ಕಿತು, ಅದರಲ್ಲಿ ಒಂದು ತೂತಿತ್ತು. ಅದು ಏಕೆ ಅಲ್ಲಿದೆಯೆಂದು ನಾನು ಕೇಳಿಕೊಳ್ಳಲಿಲ್ಲ. ಮುಚ್ಚಿದೆ. ನನಗೆ ಕೆಲಸ ಕಲಿಸಿದವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ತೂತು ಎಲ್ಲಿತ್ತಂತ ಗೊತ್ತಾಗಂಗಿಲ್ಲ ನೋಡು" ಎಂದು ಬೆನ್ನು ತಟ್ಟಿದ್ದರು. ನನ್ನ ಜೀವನದಲ್ಲಿ ನನಗೆ ಸಿಕ್ಕಿದ ಅತ್ಯಂತ ಒಳ್ಳೆಯ ಮಾತು ಅದು. ಆ ಮಾತಿನ ಮೇಲೆ ನಾನು ಮೂವತ್ತು ವರ್ಷ ಬದುಕಿದ್ದೆ. ಜಂಬಣ್ಣನಿಗೆ ಮಾತ್ರ ತಕ್ಷಣ ಗೊತ್ತಾಗುತ್ತದೆ. ಅವನು ಈಗ ಎಲ್ಲವನ್ನೂ ಬಿಸಿಲಿಗೆ ಹಿಡಿದೇ ನೋಡುತ್ತಾನೆ.

ಅಂದು ಸಂಜೆ ನಮ್ಮ ಪಾಳಿಯಲ್ಲಿ ಮರದ ಕೆಳಗೆ ಕೂತು ನೀಲಗಂಗಾಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ನಕ್ಕಳು. ತೇಪೆಗಳು ಉದುರಿಹೋಗಿ ಮರ ಈಗ ಬರೀ ಬಲೆಯಾಗಿದೆ. ನೆರಳು ಎಂದು ಹೇಳುವ ಹಾಗಿಲ್ಲ. ಆದರೆ ಪ್ರತಿ ತೂತಿನಿಂದಲೂ ಒಂದೊಂದು ಬಿಸಿಲಿನ ಚುಕ್ಕೆ ಬಿದ್ದು ಅವಳ ಸೀರೆಯ ಮೇಲೆ, ಕೈಯ ಮೇಲೆ ಅಲುಗುತ್ತಿತ್ತು. ಅವಳು ನಗುವಾಗ ಚುಕ್ಕೆಗಳೂ ನಗುತ್ತಿದ್ದವು. ಅದನ್ನು ನೋಡುತ್ತ, ಅದರಲ್ಲಿ ಯಾವುದನ್ನೂ ಮುಚ್ಚಬೇಕೆಂದು ನನಗೆ ಅನ್ನಿಸಲಿಲ್ಲ ಎಂಬುದನ್ನು ಗಮನಿಸಿದೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ನಗು ನಿಂತ ಮೇಲೆ ಅವಳು ನನ್ನ ಮೊಣಕೈ ಹಿಡಿದು, "ಆಯಿ ಮೂರನೇದು ಅಂದದ್ದು ಇದಕ್ಕ ನೋಡ್ರಿ" ಎಂದಳು.

ಆಗ ಹೊಳೆಯಿತು. ಎರಡನೆಯದನ್ನು ನಾನು ಕೆಡಿಸಿರುವ ವಿಷಯ ನಿಮಗೆ ಮೊದಲೇ ಗೊತ್ತಿತ್ತು. ಯಾಕೆಂದರೆ ನಾನು ಈ ಪತ್ರದಲ್ಲಿ ಅದನ್ನು ಹೇಳಿದ್ದೇನೆ, ಮೂರನೆಯ ಎಲೆಯನ್ನೂ ಕೇಳಿದ್ದೇನೆ. ನೀವು ಅದನ್ನೆಲ್ಲ ಓದಿಯೇ ಚೀಟಿ ಬರೆದಿರಿ. ಎಣಿಕೆ ತಪ್ಪಿದ್ದು ನನ್ನದು.

ಮರುದಿನ ಹಿಂದಂಚೆಗೆ ಹೋಗಿ, ಸಿಕ್ಕಿರುವ ಎಲೆಗಳನ್ನು ಮತ್ತೆ ಕೇಳಿ ಬರೆಯಬೇಕೇ ಎಂದು ವಿಚಾರಿಸಿದೆ. ಗುರುಸಿದ್ಧವ್ವ ಗಂಭೀರಳಾದಳು.

"ಬರೀಲೇಬೇಕ್ರಿ. ಸಿಕ್ಕೇತಂತ ಬರೀಲಾರದ ಬಿಟ್ಟೀರಿ ಮತ್ತ. ಹಿಂದ ಒಬ್ಬಾವ ಹಂಗ ಮಾಡಿದ್ದ."

"ಏನಾತು ಅವಂಗ?"

"ಯಾವಾವ ಅಂತ ಈಗ ಯಾರಿಗೂ ನೆನಪಿಲ್ಲರಿ."

ಆದ್ದರಿಂದ ಎಲ್ಲವನ್ನೂ ನಡೆದ ಹಾಗೆ ಬರೆದಿದ್ದೇನೆ. ಮೊದಲನೆಯ ಎಲೆ ಕಲ್ಲಿನ ಕೆಳಗೆ. ನಿಮ್ಮ ಸೊಂಟಕ್ಕೆ ಆಗಲಿರುವ ನೋವಿಗೆ ಕ್ಷಮೆ ಕೇಳುತ್ತೇನೆ. ಯಾರನ್ನಾದರೂ ಸಹಾಯಕ್ಕೆ ಕರೆಯಿರಿ ಎನ್ನಬಹುದಿತ್ತು, ಆದರೆ ನೀವು ಕರೆಯಲಿಲ್ಲವೆಂದು ಗೊತ್ತಿದೆ. ಎರಡನೆಯದನ್ನು ಅಳತೆ ಪುಸ್ತಕದಲ್ಲಿ ಇಡಬೇಡಿರಿ, ಅದು ಮುಂದೆ ನನ್ನ ಕೈಗೆ ಸಿಗುತ್ತದೆ. ನೀವು ಇಟ್ಟೇ ಇಡುತ್ತೀರಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದವರು ನಮ್ಮ ಮನೆತನದಲ್ಲಿ ಈವರೆಗೆ ಯಾರೂ ಇಲ್ಲ. ಇದು ಎಲ್ಲಿಂದ ಆರಂಭವಾಯಿತೆಂದು ಹಿರಿಯರು ಚರ್ಚಿಸುವಾಗ ನಿಮ್ಮ ಹೆಸರು ಬರುತ್ತದೆ.

ಇನ್ನು ಮೂರನೆಯದು. ಕಲ್ಲು ಬೇಡ, ಪುಸ್ತಕ ಬೇಡ. ನಿಮ್ಮ ಹೊಲಿಗೆ ಮಷೀನಿನ ಬಲಗಡೆ ಸಣ್ಣ ಡ್ರಾಯರ್ ಇದೆಯಲ್ಲ, ನೀವು ಗುಂಡಿ, ಬಾಬಿನ್ ಹಾಕುವುದು. ಎರಡನೇ ಚಿಗುರಿನ ಇನ್ನೊಂದು ಎಲೆಯನ್ನು ತಾರೀಖು ಬರೆದ ಚೀಟಿಯ ಜೊತೆ ಅದರಲ್ಲಿ ಇಟ್ಟು ಮುಚ್ಚಿರಿ. ಬಗ್ಗುವುದೂ ಬೇಡ, ಕೂತಲ್ಲಿಂದಲೇ ಆಗುತ್ತದೆ. ಆ ಮಷೀನು ಇನ್ನೂ ಈ ಮನೆಯಲ್ಲಿದೆ. ಅದರ ಮೇಲೆ ನಾವು ನೀರಿನ ಕೊಡ ಇಡುತ್ತೇವೆ. ಡ್ರಾಯರ್ ಯಾವ ಕಾಲದಲ್ಲೋ ಬಿಗಿದುಕೊಂಡು ಕೂತಿದೆ. ನನ್ನ ಅಪ್ಪ ಎಳೆದು ನೋಡಿದ್ದರು, ಅವರ ಅಪ್ಪನೂ ಎಳೆದು ನೋಡಿದ್ದರಂತೆ. ಒಳಗೆ ಏನೂ ಇರಲಾರದೆಂದು ಇಬ್ಬರೂ ಬಿಟ್ಟರು. ಈ ಮನೆಯಲ್ಲಿ ನನ್ನ ಕೈ ಆಡದ ಒಂದು ಜಾಗ ಉಳಿದಿದ್ದರೆ ಅದು ಅದೇ.

ತೂತಿಲ್ಲದ ಎಲೆ ಹುಡುಕಲು ಹೋಗಬೇಡಿರಿ. ಹೊಸ ಚಿಗುರಿಗೂ ದುಂಬಿ ಒಂದೆರಡು ಬಂದೇ ಬರುತ್ತವೆ. ಬರಲಿ. ಒಂದು ಇರಲಿ, ನಾಲ್ಕು ಇರಲಿ, ನಾನು ಮುಟ್ಟುವುದಿಲ್ಲ. ನನ್ನ ಕುಂಚವನ್ನೂ ಗಂಜಿಯ ಬಟ್ಟಲನ್ನೂ ನೀಲಗಂಗಾ ಇಮಾಮಸಾಬನ ಮನೆಯಲ್ಲಿ ಇಡಿಸಿದ್ದಾಳೆ, ವಿಚಾರಣೆ ಮುಗಿಯುವವರೆಗೆ.

ಇದನ್ನು ಬರೆಯುತ್ತಿರುವಾಗ ಅವಳು ಕೊಡವನ್ನು ಇಳಿಸಿ ಮಷೀನಿನ ಮುಂದೆ ಕೂತಿದ್ದಾಳೆ. ಡ್ರಾಯರಿನ ಸಂದಿಗೆ ಎಣ್ಣೆ ಬಿಟ್ಟಿದ್ದಾಳೆ. ಹೊಂಗೆ ಎಣ್ಣೆಯೇ. ಇಮಾಮಸಾಬ ಬಾಗಿಲಲ್ಲಿ ಹಾರೆ ಹಿಡಿದು ನಿಂತಿದ್ದಾನೆ, ಬೇಕಾಗುವುದಿಲ್ಲವೆಂದು ಎರಡು ಸಲ ಹೇಳಿದ್ದಾಯಿತು. ಒಮ್ಮೆ ಪತ್ರಕ್ಕಿಂತ ಮೊದಲು ಅಗೆದದ್ದು ಸಾಕು, ಈ ಸಲ ಮೊದಲು ಪತ್ರ, ಆಮೇಲೆ ಡ್ರಾಯರ್, ನಾನು ಸಹಿ ಹಾಕುವವರೆಗೆ ಎಳೆಯಬಾರದು ಎಂದು ಅವಳಿಗೆ ಮಾತು ಕೊಡಿಸಿದ್ದೇನೆ. ಅವಳ ಎರಡು ಬೆರಳು ಆಗಲೇ ಹಿಡಿಯ ಮೇಲಿವೆ. "ಆತೇನ್ರೀ?" ಎಂದು ಮೂರನೆಯ ಸಲ ಕೇಳುತ್ತಿದ್ದಾಳೆ.

ಆಯಿ, ಗಿಡಕ್ಕೆ ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕಿರಿ. ಸೊಂಟ ನೋಡಿಕೊಳ್ಳಿರಿ. ನಿಮ್ಮ ಸೂಜಿಯ ಡಬ್ಬಿ ಸುರಕ್ಷಿತವಾಗಿದೆ.

ಆಯಿತು, ಸಹಿ ಹಾಕುತ್ತಿದ್ದೇನೆ.

ಫಕೀರಪ್ಪ